ಚುಂದನ ಮೇಲೆ ಮಾತು ಬರಬಾರದು



ಧಮ್ಮ ಬಂಧುಗಳೇ, ಇಂದಿನ ಚಿಂತನೆ ಬರೆಯುವ ಪಾಳಿ ನನ್ನದು.

ಹೋದ ಭಾನುವಾರ ನಮ್ಮ ಹುಡಗಿಯ ಅಧ್ಯಯನ ಬಳಗದಲ್ಲಿ ‘ಬುದ್ಧ ಮತ್ತು ಅವನ ಧಮ್ಮ’ದ ಏಳನೆಯ ಭಾಗ ಓದಿದೆವು. ಬಾಬಾಸಾಹೇಬರು ಸಕ್ಕರೆ ಕಾಯಿಲೆಯಿಂದ ಬಳಲುತ್ತಲೇ ಬರೆದು ಮುಗಿಸಿದ ಗ್ರಂಥ ಅದು. 1956ರ ಡಿಸೆಂಬರ್ 6ರಂದು ಅವರು ಪರಿನಿಬ್ಬಾಣ ಹೊಂದಿದರು, ಗ್ರಂಥ 1957ರಲ್ಲಿ ಹೊರಬಂತು. ಏಳನೆಯ ಭಾಗ ಭಗವಾನರ ಕೊನೆಯ ಪ್ರಯಾಣದ್ದು. ಓದುತ್ತಿದ್ದಾಗ ನನಗೆ ಅಪ್ಪನ ಕೊನೆಯ ದಿನಗಳು ನೆನಪಾದವು. ಅದನ್ನು ಮೊದಲು ಹೇಳಿಬಿಡುತ್ತೇನೆ.

ಅಪ್ಪನಿಗೆ ಲಕ್ವಾ ಹೊಡೆದಾಗ ಮೊದಲು ಹುಮನಾಬಾದಿಗೆ, ಅಲ್ಲಿಂದ ದೊಡ್ಡ ಊರಿನ ಆಸ್ಪತ್ರೆಗೆ ಒಯ್ದೆವು. 17 ದಿನ ವೆಂಟಿಲೇಟರ್ ಮೇಲಿದ್ದರು. ಇನ್ನು ಗುಣವಾಗುವ ಆಸೆ ಇಲ್ಲ ಎಂದು ಡಾಕ್ಟರು ಹೇಳಿದ ದಿನ ಕಾಗದಕ್ಕೆ ಸಹಿ ಹಾಕಿದವನು ನನ್ನ ತಮ್ಮ. ಹಿರಿಯನಾದ ನಾನು ಹೊರಗೆ ನಿಂತಿದ್ದೆ. ಮಣ್ಣು ಮಾಡಿದ ಮೂರನೆಯ ದಿನ ಹಳೆಯ ಶಾಸ್ತ್ರ ಮಾಡಲೇಬೇಕೆಂದು ಹಟ ಹಿಡಿದ ಸಂಬಂಧಿಯೊಬ್ಬರು, ಹೊಲ ಉಳಿಸಲು ಅಪ್ಪನನ್ನು ಬಿಟ್ಟುಕೊಟ್ಟ ಎಂದು ತಮ್ಮನ ಎದುರೇ ಆಡಿದರು. ಅಪ್ಪನಿಗೆ ಏನು ಬೇಕಿತ್ತು ಎಂದು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನಾವು ಕೇಳಿರಲೇ ಇಲ್ಲ. ಆರು ವರ್ಷವಾದರೂ ತಮ್ಮ ಆ ಮಾತನ್ನು ಹೊತ್ತುಕೊಂಡೇ ಇದ್ದ.

ಈಗ ಭಗವಾನರ ಜೀವನಕ್ಕೆ ಬರೋಣ.

ಶಾಕ್ಯರ ಸಿದ್ಧಾರ್ಥ ಹುಟ್ಟಿದ್ದು ಲುಂಬಿನಿಯಲ್ಲಿ. 29ನೆಯ ವಯಸ್ಸಿನಲ್ಲಿ ಮನೆ ಬಿಟ್ಟರು. ರೋಹಿಣಿ ನದಿಯ ನೀರಿಗಾಗಿ ಕೋಲಿಯರ ಮೇಲೆ ಯುದ್ಧ ಬೇಡ ಎಂದು ನಿಂತದ್ದೇ ಅದಕ್ಕೆ ಕಾರಣ ಎಂದು ಬಾಬಾಸಾಹೇಬರು ತೋರಿಸಿಕೊಟ್ಟಿದ್ದಾರೆ. 35ರಲ್ಲಿ ಬೋಧಿ ಪಡೆದರು. ಮುಂದೆ 45 ವರ್ಷ ಊರೂರು ನಡೆದರು. ಕ್ಷೌರಿಕ ಉಪಾಲಿಗೂ ಕಸ ಗುಡಿಸುವ ಸುನೀತನಿಗೂ ಸಂಘದ ಬಾಗಿಲು ತೆರೆದರು. ಹೊಲಸಿನಲ್ಲಿ ಬಿದ್ದಿದ್ದ ರೋಗಿ ಭಿಕ್ಷುವನ್ನು ತಾವೇ ತೊಳೆದು ಆರೈಕೆ ಮಾಡಿದರು. ಔಷಧ ಬೇಡ ಎಂದವರೂ ಅಲ್ಲ. ವೈದ್ಯ ಜೀವಕನ ಚಿಕಿತ್ಸೆ ಪಡೆದವರು.

80ನೆಯ ವಯಸ್ಸಿನಲ್ಲಿ, ವೈಶಾಲಿಯ ಹತ್ತಿರದ ಬೇಲುವ ಗ್ರಾಮದಲ್ಲಿ ಮಳೆಗಾಲ ಕಳೆಯುತ್ತಿದ್ದಾಗ ಕಾಯಿಲೆ ಅವರನ್ನು ಸಾವಿನ ಅಂಚಿಗೆ ಒಯ್ದಿತು. ಸಂಘಕ್ಕೆ ತಿಳಿಸದೆ ಹೋಗುವುದು ಸರಿಯಲ್ಲ ಎಂದು ಮನೋಬಲದಿಂದ ಅದನ್ನು ತಡೆದು ನಿಂತರು. ಎದ್ದ ಮೇಲೆ ಆನಂದನಿಗೆ ಎಲ್ಲವನ್ನೂ ಬಿಚ್ಚಿ ಹೇಳಿದರು. ತಮ್ಮ ಬಳಿ ಮುಚ್ಚಿಟ್ಟ ಬೋಧನೆ ಇಲ್ಲ, ತಮ್ಮ ನಂತರ ಗುರುವಿನ ಗಾದಿ ಇಲ್ಲ, ಧಮ್ಮವೇ ಆಸರೆ ಎಂದು ತಿಳಿಸಿದರು. ಆಮೇಲೆ ಭಿಕ್ಷುಗಳನ್ನು ಸೇರಿಸಿ, ಇನ್ನು ಮೂರು ತಿಂಗಳು ಎಂದು ಸ್ಪಷ್ಟವಾಗಿ ಹೇಳಿ ಹೊರಟರು.

ಪಾವಾ ಊರಿನಲ್ಲಿ ಕಮ್ಮಾರ ಚುಂದ ಊಟಕ್ಕೆ ಕರೆದ. ಆ ಊಟದ ನಂತರ ರಕ್ತಭೇದಿ ಶುರುವಾಯಿತು. ಬುದ್ಧನನ್ನು ಕೊಂದದ್ದು ಚುಂದನ ಊಟ ಎಂದು ನಾಳೆ ಜನ ಆಡುತ್ತಾರೆ, ಆ ಬಡಪಾಯಿ ಜೀವನವಿಡೀ ಕೊರಗುತ್ತಾನೆ ಎಂದು ಭಗವಾನರಿಗೆ ಗೊತ್ತಾಯಿತು. ಅಷ್ಟು ನೋವಿನಲ್ಲೂ ಅವರು ಆನಂದನಿಗೆ ಒಂದು ಕೆಲಸ ಒಪ್ಪಿಸಿದರು. ಚುಂದನ ಬಳಿ ಹೋಗಿ ಅವನ ಮನಸ್ಸು ಹಗುರ ಮಾಡಬೇಕು. ಬೋಧಿಗೆ ಮುಂಚಿನ ಊಟ ಮತ್ತು ಈ ಕೊನೆಯ ಊಟ, ಎರಡರ ಪುಣ್ಯವೂ ಸಮ ಎಂದು ತಿಳಿಸಬೇಕು.

ಕುಶಿನಾರದಲ್ಲಿ ಎರಡು ಸಾಲ ಮರಗಳ ನಡುವೆ ಮಲಗಿದ ಮೇಲೂ ಹೀಗೆಯೇ. ಮರೆಯಲ್ಲಿ ನಿಂತು ಅಳುತ್ತಿದ್ದ ಆನಂದನನ್ನು ಕರೆದು ಅವನ ಸೇವೆಯನ್ನು ಹೊಗಳಿದರು. ದೇಹದ ಸಂಸ್ಕಾರ ಯಾರು ಮಾಡಬೇಕೆಂದು ಹೇಳಿದರು. ಆಮೇಲೆ ಕೊರಗಬಾರದೆಂದು ಊರಿನ ಮಲ್ಲರಿಗೆ ಅಂದೇ ಸುದ್ದಿ ಕಳಿಸಿದರು. ಸಂದೇಹವಿದ್ದರೆ ಈಗಲೇ ಕೇಳಿ ಎಂದು ಭಿಕ್ಷುಗಳನ್ನು ಮೂರು ಸಲ ಕೇಳಿದರು.

ಇಷ್ಟಾದರೂ ಒಂದು ವಿಷಯ ಉಳಿದಿತ್ತು. ಅಸ್ಥಿಯ ಪಾಲು ಯಾರಿಗೆ ಎಂಬ ಮಾತು ಆಗಿರಲಿಲ್ಲ. ಅದಕ್ಕಾಗಿ ರಾಜರು ಜಗಳಕ್ಕೆ ನಿಂತರು. ಕೊನೆಗೆ ದ್ರೋಣನೆಂಬ ಬ್ರಾಹ್ಮಣ ಎಂಟು ಪಾಲು ಮಾಡಿ ಶಾಂತಿ ತಂದ. ಭಗವಾನರ ನಂತರವೇ ಹೀಗಾದರೆ, ಏನೂ ಹೇಳದೆ ಹೋಗುವ ನಮ್ಮ ಮನೆಗಳ ಗತಿ ಏನು?

ಬಂಧುಗಳೇ, ಇವತ್ತು ನಮಗೆ ಹೇಳಿಡಲು ಕಾನೂನಿನ ದಾರಿಯೂ ಇದೆ. ಹೊನ್ನಾವರ ತಾಲೂಕಿನ ಹಳದೀಪುರದ ನರ್ಸ್ ಅರುಣಾ ಶಾನಭಾಗ 1973ರ ದಾಳಿಯ ನಂತರ ಮುಂಬೈ ಆಸ್ಪತ್ರೆಯಲ್ಲಿ ತಮ್ಮ ಇಚ್ಛೆ ಹೇಳಲಾರದೆ 2015ರವರೆಗೆ ಮಲಗಿದ್ದರು. ಆ ಪ್ರಕರಣ ದೇಶವನ್ನು ಯೋಚನೆಗೆ ಹಚ್ಚಿತು. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟ್ ಮುಂಚಿತ ವೈದ್ಯಕೀಯ ಇಚ್ಛಾಪತ್ರವನ್ನು ಒಪ್ಪಿತು, 2023ರಲ್ಲಿ ನಿಯಮ ಸರಳ ಮಾಡಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಇದನ್ನು ಜಾರಿಗೆ ತರಲು ಆದೇಶಿಸಿತು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಬೇಕು. ನಮಗೆ ಮಾತು ನಿಂತಾಗ ನಮ್ಮ ಪರ ನಿರ್ಧರಿಸುವವರ ಹೆಸರು ಬರೆಯಬೇಕು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ರದ್ದು ಮಾಡಬಹುದು.

ಇದು ಪ್ರಾಣಿಹತ್ಯೆಯಲ್ಲವೇ, ಮೊದಲ ಶೀಲ ಮುರಿಯುವುದಿಲ್ಲವೇ ಎಂದು ಒಬ್ಬ ತಾಯಿ ಕೇಳಿದರು. ಇಂಜೆಕ್ಷನ್ ಕೊಟ್ಟು ಸಾಯಿಸಲು ಕಾನೂನು ಒಪ್ಪುವುದಿಲ್ಲ. ಗುಣವಾಗುವ ದಾರಿಯೇ ಇಲ್ಲ ಎಂದು ಮೂವರು ವೈದ್ಯರ ಎರಡು ಮಂಡಳಿಗಳು ಒಪ್ಪಿದರೆ ಮಾತ್ರ ಯಂತ್ರ ತೆಗೆಯಲು ಅವಕಾಶ. ನಮ್ಮ ಜನಕ್ಕೆ ಚಿಕಿತ್ಸೆ ಸಿಗುವುದೇ ಕಷ್ಟ, ಬೇಡ ಅಂತ ಏಕೆ ಬರೆಯಬೇಕು ಎಂದು ಇನ್ನೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಗುಣವಾಗುವ ಕಾಯಿಲೆಗೆ ಪೂರ್ತಿ ಚಿಕಿತ್ಸೆ ನಮ್ಮ ಹಕ್ಕು, ಅದನ್ನು ಕೇಳಿಯೇ ಪಡೆಯೋಣ. ನನ್ನ ಪತ್ರದಲ್ಲಿ ಬೇಡವಾದದ್ದರ ಜೊತೆ ಬೇಕಾದದ್ದನ್ನೂ ಬರೆದಿದ್ದೇನೆ: ನೋವು ಶಮನ ಕಡೆಯವರೆಗೂ ಬೇಕು, ಮನೆಯವರು ಹತ್ತಿರ ಇರಬೇಕು.

ಬೇರೆ ಹಾಳೆಯಲ್ಲಿ ಅಂತ್ಯಸಂಸ್ಕಾರದ ಮಾತು ಬರೆದೆ. ತ್ರಿಸರಣ, ಪಂಚಶೀಲ ಸಾಕು. ಶ್ರಾದ್ಧ, ಪಿಂಡ ಬೇಡ. 22 ಪ್ರತಿಜ್ಞೆಗಳಲ್ಲಿ ಅದನ್ನು ಬಿಟ್ಟಾಗಿದೆ.

ನಿರ್ಧರಿಸುವವರ ಜಾಗದಲ್ಲಿ ಮಗಳ ಹೆಸರು ಬರೆದೆ, ಅದರ ಕೆಳಗೆ ತಮ್ಮನ ಹೆಸರು. ಪ್ರತಿ ಕೊಡಲು ಅವನ ಮನೆಗೆ ಹೋದೆ. ಅಪ್ಪನ ವಿಷಯದಲ್ಲಿ ನೀನು ಮಾಡಿದ್ದು ಸರಿ, ನಾನು ಮಾಡಬೇಕಿದ್ದ ಸಹಿಯನ್ನು ನೀನು ಮಾಡಿದೆ ಎಂದು ಹೇಳಿದೆ. ಆರು ವರ್ಷದ ಹಿಂದೆ ಹೇಳಬೇಕಿದ್ದ ಮಾತು. ಅವನು ಬಹಳ ಹೊತ್ತು ಸುಮ್ಮನಿದ್ದು, ಚಹಾ ಮಾಡಿಸಿದ. ಆ ಸಂಜೆ ಇಬ್ಬರೂ ಅಪ್ಪನ ಬಗ್ಗೆ ಮಾತಾಡಿದೆವು.

ಇಂದಿನ ಅಭ್ಯಾಸ: ರಾತ್ರಿ ಊಟದ ನಂತರ ಮನೆಯ ಹಿರಿಯರನ್ನು ಒಂದು ಪ್ರಶ್ನೆ ಕೇಳಿ, ಕೊನೆಯಲ್ಲಿ ಅವರಿಗೆ ಏನು ಬೇಕು, ಏನು ಬೇಡ. ನಿಮ್ಮದನ್ನೂ ಹೇಳಿ. ನಿಮ್ಮ ಮನೆಯಲ್ಲಿ ಯಾರಾದರೂ ಚುಂದನಂತೆ ಕೊರಗುತ್ತಿದ್ದರೆ, ಇಂದೇ ಹೋಗಿ ಅವರ ಮನಸ್ಸು ಹಗುರ ಮಾಡಿ.

ಭವತು ಸಬ್ಬ ಮಂಗಲಂ 🙏 ಜೈಭೀಮ್