ಸರ್ ಎಂವಿ ಲೆಕ್ಕದಲ್ಲಿ ಬಿಟ್ಟುಹೋದ ಗಾಳಿ

ಬನಶಂಕರಿಯ ಯಾವುದಾದರೂ ಅಪಾರ್ಟ್‌ಮೆಂಟಿನ ಪಂಪ್ ರೂಮಿಗೆ ಹೋಗಿ ನೋಡಿ. ಮೋಟಾರ್ ಆಫ್ ಆಗಿ ಪೈಪ್ ಖಾಲಿಯಿದ್ದರೆ ಪ್ರೆಶರ್ ಗೇಜಿನ ಮುಳ್ಳು ಸೊನ್ನೆಯಲ್ಲಿರುತ್ತೆ. ಹಾಗಂತ ಒತ್ತಡವೇ ಇಲ್ಲ ಅಂತಲ್ಲ. ಸುತ್ತಲಿನ ಗಾಳಿ ಒತ್ತುತ್ತಲೇ ಇರುತ್ತೆ. ಗೇಜ್ ಅದನ್ನೇ ಸೊನ್ನೆ ಅಂತ ಇಟ್ಟುಕೊಂಡಿದೆ, ಅಷ್ಟೇ. ಇದು ಗೇಜ್ ಪ್ರೆಶರ್. ಗಾಳಿಯನ್ನೂ ಸೇರಿಸಿ ನಿರ್ವಾತದಿಂದ ಎಣಿಸಿದರೆ ಅಬ್ಸಲ್ಯೂಟ್ ಪ್ರೆಶರ್. 900 ಮೀಟರ್ ಎತ್ತರದ ಬೆಂಗಳೂರಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಸುಮಾರು ಶೇ 10ರಷ್ಟು ಕಡಿಮೆ. ಅಂದರೆ ಗೇಜಿನ ಸೊನ್ನೆ ಊರೂರಿಗೂ ಬೇರೆ.

ಸರ್ ಎಂ. ವಿಶ್ವೇಶ್ವರಯ್ಯ ಇದನ್ನೆಲ್ಲ ಅರೆದು ಕುಡಿದವರು. 1861ರಲ್ಲಿ ಮುದ್ದೇನಹಳ್ಳಿಯಲ್ಲಿ ಹುಟ್ಟಿದರು. ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಲ್ಲಿ ಓದುವಾಗ ಮಕ್ಕಳಿಗೆ ಪಾಠ ಹೇಳಿ ಖರ್ಚು ನಿಭಾಯಿಸಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿದರು. 1903ರಲ್ಲಿ ಖಡಕ್‌ವಾಸ್ಲಾ ಅಣೆಕಟ್ಟೆಗೆ ಅವರ ಸ್ವಯಂಚಾಲಿತ ಗೇಟುಗಳು ಬಂದವು. ಪ್ರವಾಹ ಏರಿದಾಗ ತಾವೇ ತೆರೆದು, ಇಳಿದಾಗ ತಾವೇ ಮುಚ್ಚುವ ಗೇಟುಗಳು.

ಇಂಥ ಗೇಟಿನ ಮೇಲೆ ಬೀಳುವ ಒತ್ತಡದ ಲೆಕ್ಕದಲ್ಲಿ ಗಾಳಿಯನ್ನು ಕೈಬಿಡಬಹುದು. ಯಾಕಂದ್ರೆ ಅದು ಎರಡೂ ಕಡೆಯಿಂದ ಸಮನಾಗಿ ಒತ್ತುತ್ತೆ, ಒಂದಕ್ಕೊಂದು ವಜಾ ಆಗುತ್ತೆ. ಉಳಿಯೋದು ನೀರಿನ ಒತ್ತಡ ಮಾತ್ರ.

1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್, 1912ರಲ್ಲಿ ದಿವಾನರಾದರು. ಕನ್ನಂಬಾಡಿ ಕಟ್ಟೆಯ ಕೆಲಸ, ಮೈಸೂರು ಬ್ಯಾಂಕ್, ಮೈಸೂರು ವಿಶ್ವವಿದ್ಯಾಲಯ ಎಲ್ಲದರಲ್ಲೂ ಅವರ ಕೈಯಿದೆ. ಆಗ ಸರ್ಕಾರಿ ಹುದ್ದೆಗಳಲ್ಲಿ ಬಹುಪಾಲು ಬ್ರಾಹ್ಮಣರ ಬಳಿಯಿದ್ದವು. ಎಂವಿ ಕೂಡ ಅದೇ ಸಮುದಾಯದವರು. ಉಳಿದವರು ಪಾಲು ಕೇಳಿದರು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಮಿಲ್ಲರ್ ಸಮಿತಿ ನೇಮಿಸಿದರು. ಎಂವಿ ಒಪ್ಪಲಿಲ್ಲ. ಶಿಕ್ಷಣ ಹರಡಿದರೆ ಅಂತರ ತಾನಾಗೇ ಕಡಿಮೆಯಾಗುತ್ತೆ, ನೇಮಕಕ್ಕೆ ಅರ್ಹತೆಯೊಂದೇ ಅಳತೆ ಅನ್ನೋದು ಅವರ ನಿಲುವು. ಅದೇ ವರ್ಷ ದಿವಾನಗಿರಿ ಬಿಟ್ಟರು.

ಆ ನಿಲುವಲ್ಲಿ ಸ್ವಾರ್ಥ ಹುಡುಕೋದು ಕಷ್ಟ, ಅಧಿಕಾರವನ್ನೇ ಬಿಟ್ಟುಕೊಟ್ಟರು. ನನ್ನ ತಕರಾರು ಸೊನ್ನೆಯ ಬಗ್ಗೆ. ಅರ್ಹತೆ ಅನ್ನೋದು ಗೇಜ್ ರೀಡಿಂಗ್. ಗೇಟಿನ ಎರಡೂ ಕಡೆ ಗಾಳಿ ಒಂದೇ, ಸಮಾಜದಲ್ಲಿ ಹಾಗಲ್ಲ. ತಲೆಮಾರುಗಳ ಓದು ಒಬ್ಬರನ್ನು ಮೇಲಕ್ಕೆ ತಳ್ಳಿದರೆ, ಶಾಲೆಯ ಬಾಗಿಲೇ ಕಾಣದ ತಲೆಮಾರುಗಳು ಇನ್ನೊಬ್ಬರನ್ನು ಕೆಳಗೆ ಒತ್ತುತ್ತವೆ. ಅದು ವಜಾ ಆಗಲ್ಲ.

1962ರಲ್ಲಿ, ನೂರು ದಾಟಿದ ಮೇಲೆ ಎಂವಿ ತೀರಿಕೊಂಡರು. ಪ್ರತಿ ಸೆಪ್ಟೆಂಬರ್ 15ಕ್ಕೆ ಜಯನಗರದಿಂದ ಜೆಪಿ ನಗರದವರೆಗೆ ಅವರ ಫೋಟೋಗೆ ಹಾರ ಬೀಳುತ್ತೆ. ಬೀಳಲಿ. ಜೊತೆಗೆ, ಮೆರಿಟ್ ಅಂತ ಯಾರಾದರೂ ನಂಬರ್ ತೋರಿಸಿದಾಗ ಎಂಜಿನಿಯರ್ ಕೇಳಬೇಕಾದ ಮೊದಲ ಪ್ರಶ್ನೆಯನ್ನೂ ಕೇಳೋಣ: ಈ ಅಳತೆಯ ಸೊನ್ನೆ ಎಲ್ಲಿದೆ?