ಹಟ್ಟಿಯ ಬಾಗಿಲಿಗೆ ಬ್ಯಾಂಕು ಕರೆತಂದ ಟಿ.ಎ. ಪೈ

ಬೆಳಿಗ್ಗೆ ಐದು ಗಂಟೆ. ಹಂಪನಕಟ್ಟೆಯ ಹೋಟೆಲುಗಳ ಬಾಗಿಲು ಇನ್ನೂ ಅರ್ಧ ತೆರೆದಿರುವಾಗಲೇ ಹಾಲಿನ ಪ್ಯಾಕೆಟಿನ ಕ್ರೇಟು ಬಂದು ಕೂತಿರುತ್ತದೆ. ಮೊದಲ ಬಸ್ಸು ಹಿಡಿಯುವವರಿಗೆ ಬಿಸಿ ಚಹಾ ಸಿಗುವುದು ಆ ಹಾಲಿನಿಂದ. ಹಾಲು ಕುಲಶೇಖರದ ಡೇರಿಯಿಂದ ಬರುತ್ತದೆ ಅಂತ ಎಲ್ಲರಿಗೂ ಗೊತ್ತುಂಟು. ಆದರೆ ಹಳ್ಳಿ ಹಳ್ಳಿಯ ಹಾಲನ್ನು ಒಟ್ಟು ಮಾಡಿ ಪೇಟೆಗೆ ತರುವ ಏರ್ಪಾಡು ಈ ಜಿಲ್ಲೆಯಲ್ಲಿ ಯಾವಾಗ, ಯಾರಿಂದ ಶುರುವಾಯಿತು ಎಂದು ಕೇಳಿದರೆ ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತಾರೆ.

ಆ ಕಥೆ ಶುರುವಾದದ್ದು ಮಣಿಪಾಲದ ಗುಡ್ಡದ ಮೇಲೆ. ಶುರು ಮಾಡಿದವರು ಬ್ಯಾಂಕಿನವರು, ಮುಂದೆ ದಿಲ್ಲಿಯಲ್ಲಿ ಮಂತ್ರಿಯೂ ಆದವರು: ತೋನ್ಸೆ ಅನಂತ ಪೈ. ಜನರ ಬಾಯಲ್ಲಿ ಟಿ.ಎ. ಪೈ. ಬ್ಯಾಂಕಿನವರಿಗೂ ದನದ ಹಟ್ಟಿಗೂ ಏನು ಸಂಬಂಧ ಎಂದು ಕೇಳುವವರು ಆಗಲೂ ಇದ್ದರು, ಈಗಲೂ ಇದ್ದಾರೆ.

ಎರಡಾಣೆಯ ಪಾಠ

ಪೈಗಳು ಹುಟ್ಟಿದ್ದು 1922ರ ಜನವರಿ 17ರಂದು. ತಂದೆ ಉಪೇಂದ್ರ ಅನಂತ ಪೈ. ಮಗನಿಗೆ ಮೂರು ವರ್ಷ ತುಂಬಿದ 1925ರಲ್ಲೇ ತಂದೆ, ಚಿಕ್ಕಪ್ಪ ಡಾಕ್ಟರ್ ಟಿ.ಎಂ.ಎ. ಪೈ ಮತ್ತು ವಾಮನ ಕುಡ್ವ ಈ ಮೂವರೂ ಸೇರಿ ಉಡುಪಿಯಲ್ಲಿ ಒಂದು ಬ್ಯಾಂಕು ತೆರೆದರು. ಹೆಸರು ಉದ್ದ: ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್ ಸಿಂಡಿಕೇಟ್. ಬಂಡವಾಳ ಮಾತ್ರ ಗಿಡ್ಡ, ಬರೇ 8,000 ರೂಪಾಯಿ. ಕೈಮಗ್ಗ ನಂಬಿ ಕಷ್ಟಕ್ಕೆ ಬಿದ್ದ ನೇಕಾರರಿಗೆ ಆಸರೆಯಾಗಲಿ ಎಂಬುದೇ ಅದರ ಮೂಲ ಉದ್ದೇಶ.

1928ರಲ್ಲಿ ಆ ಬ್ಯಾಂಕು ಪಿಗ್ಮಿ ಶುರು ಮಾಡಿತು. ಪಿಗ್ಮಿ ಎಂದರೆ ಏನೆಂದು ಮಂಗಳೂರಿನ ಅಂಗಡಿಯವರಿಗೆ ಹೇಳಿಕೊಡಬೇಕಾಗಿಲ್ಲ. ಏಜೆಂಟು ದಿನಾ ಅಂಗಡಿಗೆ ಬರುತ್ತಾನೆ, ಕೊಟ್ಟಷ್ಟು ತೆಗೆದುಕೊಂಡು ಚೀಟಿ ಹರಿದು ಕೊಡುತ್ತಾನೆ. ಆ ಕಾಲಕ್ಕೆ ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕಿತ್ತು. ದಿನದ ಚಿಲ್ಲರೆ ಸೇರಿ ಸೇರಿ ಬ್ಯಾಂಕು ದೊಡ್ಡದಾಯಿತು. ಬಡವನ ಸಣ್ಣ ದುಡ್ಡಿಗೂ ಲೆಕ್ಕ ಉಂಟು ಎಂಬ ಈ ಪಾಠವನ್ನು ಪೈಗಳು ಮನೆಯಲ್ಲೇ ಕಲಿತರು ಎನ್ನಬೇಕು.

ಬೊಂಬಾಯಿಯ ಸಿಡೆನ್‌ಹ್ಯಾಂ ಕಾಲೇಜಿನಲ್ಲಿ ವಾಣಿಜ್ಯ ಓದಿ ಬಂದ ಅವರು 1940ರ ದಶಕದಲ್ಲಿ, ಇನ್ನೂ ಇಪ್ಪತ್ತರ ಪ್ರಾಯದಲ್ಲಿ, ಇದೇ ಬ್ಯಾಂಕಿಗೆ ಸೇರಿದರು. 1964ರಲ್ಲಿ ಉದ್ದ ಹೆಸರು ಕತ್ತರಿಸಿ ಸಿಂಡಿಕೇಟ್ ಬ್ಯಾಂಕ್ ಆಯಿತು. ಅಷ್ಟರಲ್ಲಿ ಚುಕ್ಕಾಣಿ ಅವರ ಕೈಯಲ್ಲಿತ್ತು.

ಹಸುವಿಗೂ ಸಾಲ

ಆ ದಿನಗಳಲ್ಲಿ ಬ್ಯಾಂಕೆಂದರೆ ಮಂಡಿಯ ಸಾಹುಕಾರರಿಗೆ, ಕಾರ್ಖಾನೆಯವರಿಗೆ. 1967ರ ಸುಮಾರಿಗೆ ದೇಶದ ವಾಣಿಜ್ಯ ಬ್ಯಾಂಕುಗಳು ಕೊಟ್ಟ ನೂರು ರೂಪಾಯಿ ಸಾಲದಲ್ಲಿ ಕೃಷಿಗೆ ಹೋದದ್ದು ಎರಡು ರೂಪಾಯಿಯ ಆಸುಪಾಸು. ಮಳೆ ನಂಬಿದವನಿಗೆ ಸಾಲ ಕೊಟ್ಟರೆ ವಾಪಸು ಬಂದೀತೇ ಎಂಬ ಹೆದರಿಕೆ.

ಸಿಂಡಿಕೇಟ್ ಬ್ಯಾಂಕು ಆ ಹೆದರಿಕೆ ಬಿಟ್ಟು ಹಳ್ಳಿಗೆ ಇಳಿಯಿತು. ಪಂಪುಸೆಟ್ಟಿಗೆ, ಬಾವಿಗೆ, ಹಸುವಿಗೆ ಸಾಲ ಕೊಟ್ಟಿತು. ಕೃಷಿಕರಿಗೆ ತಿಳಿವಳಿಕೆ ಕೊಡುವ ಕೆಲಸಕ್ಕೆ 1966ರಲ್ಲಿ ಸಿಂಡಿಕೇಟ್ ಕೃಷಿ ಪ್ರತಿಷ್ಠಾನವೂ ಹುಟ್ಟಿತು. 1969ರ ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣವಾದಾಗ ಪಟ್ಟಿಯಲ್ಲಿ ನಮ್ಮ ಜಿಲ್ಲೆಯವು ಎರಡು: ಕೆನರಾ ಮತ್ತು ಸಿಂಡಿಕೇಟ್. ಸರಕಾರ ವಹಿಸಿಕೊಂಡ ಮೇಲೂ ಸಿಂಡಿಕೇಟಿನ ಕಸ್ಟೋಡಿಯನ್ ಆಗಿ ಪೈಗಳೇ ಮುಂದುವರಿದರು. ಹಳ್ಳಿಗೆ ಸಾಲ ಕೊಡಿ ಎಂದು ಸರಕಾರ ಬ್ಯಾಂಕುಗಳಿಗೆ ಆಮೇಲೆ ಹೇಳಿದ್ದನ್ನು ಇವರು ಮೊದಲೇ ಶುರು ಮಾಡಿದ್ದರು.

ಆದರೆ ಹಸುವಿನ ಸಾಲ ಪಂಪುಸೆಟ್ಟಿನ ಸಾಲದಂತಲ್ಲ. ಪಂಪು ಕೆಟ್ಟರೆ ಮೆಕ್ಯಾನಿಕ್ ಬಂದು ಸರಿ ಮಾಡುತ್ತಾನೆ. ಹಸು ಸತ್ತರೆ? ಹಟ್ಟಿ ಖಾಲಿ, ಕಂತು ಬಾಕಿ. ಸಾಯುವುದೇ ಬೇಡ, ಕಾಲುಬಾಯಿ ಜ್ವರ ಬಂದು ಗುಣವಾದರೂ ಎಷ್ಟೋ ಹಸುಗಳು ಮೊದಲಿನಷ್ಟು ಹಾಲು ಕೊಡುವುದಿಲ್ಲ. ಕೆಚ್ಚಲು ಬಾವಾದರೆ ಹಾಲು ಚರಂಡಿಗೆ. ಹಸು ಬೆದೆಗೆ ಬಂದದ್ದು ಒಂದು ದಿನ ಕೂಡ ನಿಲ್ಲುವುದಿಲ್ಲ. ಆ ಹೊತ್ತಿಗೆ ಇಂಜೆಕ್ಷನ್ ಕೊಡುವವರು ಸಿಗದಿದ್ದರೆ ಮತ್ತೆ ಮೂರು ವಾರ ಕಾಯಬೇಕು. ಆ ಮೂರು ವಾರ ಹಿಂಡಿಗೆ, ಬೈಹುಲ್ಲಿಗೆ ದುಡ್ಡು ಹೋಗುತ್ತಲೇ ಇರುತ್ತದೆ.

ಊರ ದನದಲ್ಲಿ ಈ ತಾಪತ್ರಯ ಕಡಿಮೆ. ಕರಾವಳಿಯ ಮಳೆಗೆ ಒಗ್ಗಿದ ಮಲೆನಾಡು ಗಿಡ್ಡ ಸೊಪ್ಪು ಹುಲ್ಲು ತಿಂದು ಬದುಕುತ್ತದೆ, ಆದರೆ ಕೊಡುವ ಹಾಲು ಮನೆ ಖರ್ಚಿಗೇ ಸರಿ. ಮಾರುವಷ್ಟು ಹಾಲು ಬೇಕಾದರೆ ಜೆರ್ಸಿ, ಎಚ್.ಎಫ್. ಮಿಶ್ರತಳಿ ಕಟ್ಟಬೇಕು. ಅವಕ್ಕೆ ನಮ್ಮ ಸೆಕೆ ಆಗುವುದಿಲ್ಲ, ಉಣುಗು ಕಚ್ಚಿದರೂ ಜ್ವರ. ಡಾಕ್ಟರು ಹತ್ತಿರ ಇಲ್ಲದ ಊರಿನಲ್ಲಿ ಅಂಥ ಹಸುವಿಗೆ ಸಾಲ ಕೊಡುವುದೆಂದರೆ ರೈತನ ತಲೆ ಮೇಲೆ ಕಲ್ಲು ಹೊರಿಸಿದ ಹಾಗೆ.

ಮೂರು ಕಲ್ಲಿನ ಒಲೆ

ಒಲೆಗೆ ಮೂರು ಕಲ್ಲು ಬೇಕು, ಎರಡರ ಮೇಲೆ ಪಾತ್ರೆ ನಿಲ್ಲುವುದಿಲ್ಲ. ಹೈನುಗಾರಿಕೆಯ ಒಲೆಗೆ ಒಂದು ಕಲ್ಲು ಸಾಲ, ಇನ್ನೊಂದು ಹಾಲಿಗೆ ಖಾತ್ರಿಯ ಗಿರಾಕಿ, ಮೂರನೆಯದು ಹಸುವಿನ ಆರೋಗ್ಯ. ಮೊದಲನೆಯದನ್ನು ಪೈಗಳು ಬ್ಯಾಂಕಿನ ಮೂಲಕ ಇಟ್ಟರು. ಎರಡನೆಯದಕ್ಕೂ ಅವರೇ ಕೈ ಹಾಕಿದರು.

1974ರಲ್ಲಿ ರಾಜ್ಯ ಸರಕಾರ ವಿಶ್ವಬ್ಯಾಂಕಿನ ನೆರವಿನಿಂದ ಡೇರಿ ಅಭಿವೃದ್ಧಿ ನಿಗಮ ಮಾಡಿತು. ಆದರೆ ಆ ಯೋಜನೆ ಮೊದಲು ಹಿಡಿದದ್ದು ಘಟ್ಟದ ಮೇಲಿನ ದಕ್ಷಿಣದ ಜಿಲ್ಲೆಗಳನ್ನು. ಘಟ್ಟದ ಕೆಳಗಿನವರ ಸರದಿ ಬರಲಿಲ್ಲ. ಅದೇ 1974ರಲ್ಲಿ ಮಣಿಪಾಲದಲ್ಲಿ ಪೈಗಳು ಕೆನರಾ ಹಾಲು ಒಕ್ಕೂಟ ಕಟ್ಟಿದರು. ಆಗ ಅವರು ದಿಲ್ಲಿಯಲ್ಲಿ ಮಂತ್ರಿ. ಮಣಿಪಾಲ, ಉಡುಪಿ ಎಲ್ಲವೂ ಮಂಗಳೂರನ್ನು ಕೇಂದ್ರವಾಗಿ ಹೊಂದಿದ್ದ ಅವಿಭಜಿತ ದಕ್ಷಿಣ ಕನ್ನಡಕ್ಕೇ ಸೇರಿದ್ದ ಕಾಲ ಅದು.

ಒಕ್ಕೂಟದ ಗುಟ್ಟು ಪಿಗ್ಮಿಯ ಗುಟ್ಟೇ, ತಿರುಗಿಸಿ ಹಾಕಿದ್ದು ಅಷ್ಟೆ. ಪಿಗ್ಮಿಯಲ್ಲಿ ಸಣ್ಣ ದುಡ್ಡು ದಿನಾ ಮನೆಯಿಂದ ಬ್ಯಾಂಕಿಗೆ ಹೋಗುತ್ತದೆ. ಹಾಲಿನಲ್ಲಿ ಸಣ್ಣ ದುಡ್ಡು ದಿನ ದಿನದ ಲೆಕ್ಕದಲ್ಲಿ ಪೇಟೆಯಿಂದ ಮನೆಗೆ ಬರುತ್ತದೆ. ಅಡಿಕೆಯ ದುಡ್ಡು ವರ್ಷಕ್ಕೊಮ್ಮೆ, ಭತ್ತದ ದುಡ್ಡು ಕೊಯ್ಲಿಗೊಮ್ಮೆ. ಮಕ್ಕಳ ಪುಸ್ತಕಕ್ಕೆ, ಅಂಗಡಿಯ ಬಾಕಿಗೆ ಒದಗುವುದು ಹಾಲಿನ ದುಡ್ಡು. ಹಳ್ಳಿಯ ದಿನಸಿ ಅಂಗಡಿಯವರು ಹಾಲಿನ ಡಿಪ್ಪೊ ನೋಡಿ ಸಾಲ ಬರೆದುಕೊಳ್ಳುವುದು ಸುಮ್ಮನೆ ಅಲ್ಲ.

ಮೂರನೇ ಕಲ್ಲು ಮಾತ್ರ ಯಾವ ಬ್ಯಾಂಕಿನಿಂದಲೂ ಇಡಲಿಕ್ಕಾಗುವಂಥದ್ದಲ್ಲ. ಅದು ಸರಕಾರದ ಕೆಲಸ. ಒಬ್ಬನ ಹಸುವಿಗೆ ಲಸಿಕೆ ಹಾಕಿ ಪಕ್ಕದ ಹಟ್ಟಿ ಬಿಟ್ಟರೆ ರೋಗ ಬೇಲಿ ಹಾರಿ ಬರುತ್ತದೆ. ಸರಕಾರ ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಸಾಕ್ಷಿಯೂ ಉಂಟು. ಹಟ್ಟಿ ಹಟ್ಟಿಯನ್ನೇ ಗುಡಿಸಿ ಹಾಕುತ್ತಿದ್ದ ದೊಡ್ಡರೋಗಕ್ಕೆ 1954ರಲ್ಲಿ ದೇಶಾದ್ಯಂತ ಲಸಿಕೆ ಯೋಜನೆ ಹಿಡಿದರು. 1995ರ ನಂತರ ಭಾರತದಲ್ಲಿ ಅದು ಕಾಣಲಿಲ್ಲ, 2011ರಲ್ಲಿ ಜಗತ್ತಿನಿಂದಲೇ ಹೋಯಿತು.

ದಿಲ್ಲಿಗೆ ಹೋದರೂ

ಪೈಗಳ ಹುದ್ದೆಗಳ ಪಟ್ಟಿ ಸಣ್ಣದಲ್ಲ. 1965ರಲ್ಲಿ ಹುಟ್ಟಿದ ಭಾರತೀಯ ಆಹಾರ ನಿಗಮದ ಮೊದಲ ಅಧ್ಯಕ್ಷರು ಅವರು. 1970ರಲ್ಲಿ ಜೀವ ವಿಮಾ ನಿಗಮದ ಅಧ್ಯಕ್ಷರಾದರು. 1972ರಲ್ಲಿ ಇಂದಿರಾ ಗಾಂಧಿ ಸಂಪುಟದಲ್ಲಿ ರೈಲ್ವೆ ಮಂತ್ರಿ, ಆಮೇಲೆ ಕೈಗಾರಿಕೆಯ ಖಾತೆ. 1977ರಲ್ಲಿ ಉತ್ತರದಲ್ಲಿ ಕಾಂಗ್ರೆಸ್ ಕೊಚ್ಚಿಹೋದಾಗಲೂ ಉಡುಪಿಯಿಂದ ಲೋಕಸಭೆಗೆ ಗೆದ್ದು ಬಂದರು.

ಅಧಿಕಾರ ಹೋದ ಮೇಲೆ ಸುಮ್ಮನೆ ಕೂರಲಿಲ್ಲ. 1978ರಲ್ಲಿ ಮಣಿಪಾಲದಲ್ಲಿ ಗ್ರಾಮಾಭಿವೃದ್ಧಿಗಾಗಿ ಭಾರತೀಯ ವಿಕಾಸ ಟ್ರಸ್ಟ್ ಸ್ಥಾಪಿಸಿದರು. ಆದರೆ ಆಯುಸ್ಸು ಗಟ್ಟಿ ಇರಲಿಲ್ಲ. 1981ರ ಮೇ ತಿಂಗಳಲ್ಲಿ, ಅರುವತ್ತು ತುಂಬುವ ಮೊದಲೇ ತೀರಿಕೊಂಡರು.

ಅವರು ಹೋಗುವ ಹೊತ್ತಿಗೆ ಸರಕಾರದ ಐ.ಆರ್.ಡಿ.ಪಿ. ಯೋಜನೆ 1980ರ ಅಕ್ಟೋಬರಿನಿಂದ ಇಡೀ ದೇಶಕ್ಕೆ ಬಂದಿತ್ತು. ಸಣ್ಣ ರೈತನಿಗೆ ಹಸುವಿನ ಬೆಲೆಯಲ್ಲಿ ಕಾಲು ಭಾಗ ಸಬ್ಸಿಡಿ, ಅತಿ ಸಣ್ಣವನಿಗೆ ಮೂರನೇ ಒಂದು, ಪರಿಶಿಷ್ಟರಿಗೆ ಅರ್ಧ, ಮಿಕ್ಕದ್ದು ಬ್ಯಾಂಕಿನ ಸಾಲ. ಉದ್ದೇಶ ಒಳ್ಳೆಯದೇ. ಆದರೆ ದೇಶದ ಎಷ್ಟೋ ಕಡೆ ಕೊಟ್ಟ ಹಸು ಸತ್ತಿತು, ಇಲ್ಲವೇ ಮಾರಿಹೋಯಿತು, ಸಾಲ ಮಾತ್ರ ಉಳಿಯಿತು. ಒಂದೇ ಕಲ್ಲಿಟ್ಟು ಒಲೆ ಹೊತ್ತಿಸಿದರೆ ಆಗುವುದು ಹಾಗೆಯೇ.

ನಮ್ಮಲ್ಲಿ ಎರಡನೇ ಕಲ್ಲು ಗಟ್ಟಿಯಾಗಿತ್ತು. ಮಣಿಪಾಲದ ಒಕ್ಕೂಟದ ಬೇರಿನಿಂದಲೇ 1980ರ ದಶಕದಲ್ಲಿ ದಕ್ಷಿಣ ಕನ್ನಡ ಹಾಲು ಒಕ್ಕೂಟ ಬೆಳೆಯಿತು, ಕುಲಶೇಖರದಲ್ಲಿ ಡೇರಿ ಎದ್ದಿತು. 1997ರಲ್ಲಿ ಉಡುಪಿ ಬೇರೆ ಜಿಲ್ಲೆಯಾದರೂ ಹಾಲಿನ ಒಕ್ಕೂಟ ಎರಡೂ ಜಿಲ್ಲೆಗೆ ಒಂದೇ. ಹಾಲು ಹಾಕುವವರಿಗೆ ಸರಕಾರ 2008ರಲ್ಲಿ ಲೀಟರಿಗೆ 2 ರೂಪಾಯಿ ಪ್ರೋತ್ಸಾಹ ಧನ ಶುರು ಮಾಡಿ, 2013ರಲ್ಲಿ 4, 2016ರಲ್ಲಿ 5ಕ್ಕೆ ಏರಿಸಿತು. ಕಾಲುಬಾಯಿ ಜ್ವರದ ಲಸಿಕೆ 2019ರ ಕೇಂದ್ರದ ಯೋಜನೆಯಲ್ಲಿ ಪುಕ್ಕಟೆ. 1962 ನಂಬ್ರಕ್ಕೆ ಫೋನು ಮಾಡಿದರೆ ಪಶು ಚಿಕಿತ್ಸೆಯ ಗಾಡಿ ಬರುವ ಏರ್ಪಾಡೂ ಆಗಿದೆ.

ಅಷ್ಟಾದರೂ ಪಶು ಆಸ್ಪತ್ರೆಯಲ್ಲಿ ಡಾಕ್ಟರಿಲ್ಲ ಎಂಬ ಹಳ್ಳಿಯವರ ದೂರು ನಿಂತಿಲ್ಲ. ಗದ್ದೆ ಹೋಗಿ ಸೈಟು ಬಂದ ಮೇಲೆ ಬೈಹುಲ್ಲು ಘಟ್ಟದ ಮೇಲಿನಿಂದ ಲಾರಿಯಲ್ಲಿ ಇಳಿಯುತ್ತದೆ. 2022ರಲ್ಲಿ ಚರ್ಮಗಂಟು ರೋಗ ರಾಜ್ಯದ ಹಟ್ಟಿಗಳನ್ನು ಹೊಕ್ಕಾಗ ಮೂರನೇ ಕಲ್ಲು ಎಷ್ಟು ಸಡಿಲ ಅಂತ ಎಲ್ಲರಿಗೂ ಕಂಡಿತು.

ಪೈಗಳ ಬ್ಯಾಂಕಿನ ಬೋರ್ಡು ಈಗ ಇಲ್ಲ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಹಾಲಿನ ಕ್ರೇಟು ಮಾತ್ರ ಬೆಳಿಗ್ಗೆ ತಪ್ಪದೆ ಬರುತ್ತದೆ. ಅದು ನಾಳೆಯೂ ಬರಬೇಕಾದರೆ ಖಾಲಿ ಬಿದ್ದ ಪಶುವೈದ್ಯರ ಕುರ್ಚಿಗೆ ಜನ ಬರಬೇಕು. ಎರಡು ಕಲ್ಲು ಇಟ್ಟವರು ಹೋಗಿ ನಾಲ್ವತ್ತು ವರ್ಷ ದಾಟಿತು. ಮೂರನೆಯದನ್ನು ಭದ್ರವಾಗಿ ಕೂರಿಸುವ ಕೆಲಸ ಸರಕಾರದ ಪಾಲಿಗೆ ಇನ್ನೂ ಬಾಕಿ.