ಚರಂಡಿಗೆ ಇಳಿದ ಸೇನಾಪತಿ

ರೋಮ್ ಅಂದ ಕೂಡಲೇ ನಮಗೆ ನೆನಪಾಗೋದು ಜೂಲಿಯಸ್ ಸೀಸರ್, ಅಗಸ್ಟಸ್, ಕತ್ತಿ ಹಿಡಿದ ಗ್ಲಾಡಿಯೇಟರ್‌ಗಳು. ಆ ಊರಿನ ನೀರು, ಚರಂಡಿ ನೋಡಿಕೊಂಡವನು ಯಾರು ಅಂತ ಕೇಳಿದರೆ ನಮ್ಮಲ್ಲಿ ಸಿವಿಲ್‌ನವರೂ ತಲೆ ಕೆರೆದುಕೊಳ್ತೀವಿ. ಅವನ ಹೆಸರು ಮಾರ್ಕಸ್ ಅಗ್ರಿಪ್ಪ.

ಹುಟ್ಟಿದ್ದು ಕ್ರಿ.ಪೂ. 63ರ ಆಸುಪಾಸು. ದೊಡ್ಡ ಮನೆತನದವನಲ್ಲ. ಮುಂದೆ ಅಗಸ್ಟಸ್ ಎನಿಸಿಕೊಂಡ ಆಕ್ಟೇವಿಯನ್ ಇವನ ಓರಗೆಯ ಗೆಳೆಯ. ಕ್ರಿ.ಪೂ. 44ರಲ್ಲಿ ಸೀಸರ್ ಕೊಲೆಯಾದ ಸುದ್ದಿ ತಲುಪಿದಾಗ ಇಬ್ಬರೂ ಈಗಿನ ಅಲ್ಬೇನಿಯಾದ ಅಪೊಲೋನಿಯಾದಲ್ಲಿದ್ದರು. ಇಬ್ಬರಿಗೂ ಹೆಚ್ಚುಕಡಿಮೆ ನಮ್ಮ ಸೆಕೆಂಡ್ ಇಯರ್‌ನವರ ವಯಸ್ಸು.

ಆಮೇಲೆ ಅಂತರ್ಯುದ್ಧ. ಸೆಕ್ಸ್‌ಟಸ್ ಪಾಂಪೆ ತನ್ನ ಹಡಗುಗಳಿಂದ ರೋಮಿಗೆ ಬರುವ ಧಾನ್ಯವನ್ನೇ ತಡೆದುಬಿಟ್ಟ. ಕ್ರಿ.ಪೂ. 37ರಲ್ಲಿ ಕಾನ್ಸಲ್ ಆಗಿದ್ದ ಅಗ್ರಿಪ್ಪ ನೇಪಲ್ಸ್ ಬಳಿಯ ಎರಡು ಸರೋವರಗಳಿಗೆ ಕಾಲುವೆ ತೋಡಿಸಿ ಸಮುದ್ರಕ್ಕೆ ಜೋಡಿಸಿದ. ಶತ್ರುವಿನ ಕಣ್ಣಿಗೆ ಬೀಳದ ಬಂದರು ಸಿದ್ಧವಾಯ್ತು. ಹುಟ್ಟು ಹಾಕುವವರನ್ನು ಅಲ್ಲೇ ಪಳಗಿಸಿ, ಮರುವರ್ಷ ನೌಲೋಕಸ್‌ನಲ್ಲಿ ಗೆದ್ದ.

ಕಾನ್ಸಲ್ ಅಂದರೆ ರೋಮಿನ ಅತ್ಯುನ್ನತ ಹುದ್ದೆ. ಅದನ್ನು ಮುಗಿಸಿದವನು ಕ್ರಿ.ಪೂ. 33ರಲ್ಲಿ ಎಷ್ಟೋ ಮೆಟ್ಟಿಲು ಕೆಳಗಿನ ಈಡೈಲ್ ಹುದ್ದೆಗೆ ಬಂದ. ರಸ್ತೆ, ಕಟ್ಟಡ, ಚರಂಡಿಗಳ ಕೆಲಸ ಅದು. ಸ್ವಂತ ದುಡ್ಡು ಹಾಕಿ ರಿಪೇರಿ ಮಾಡಿಸಿದ. ನಗರದ ಮುಖ್ಯ ಒಳಚರಂಡಿಯನ್ನು ತೊಳೆಸಿ, ದೋಣಿ ಹತ್ತಿ ಅದರೊಳಗೇ ಟೈಬರ್ ನದಿಯವರೆಗೆ ಹೋಗಿ ಪರೀಕ್ಷಿಸಿ ಬಂದ. ಒಂದೇ ವರ್ಷದಲ್ಲಿ 700 ನೀರಿನ ತೊಟ್ಟಿ, 500 ಕಾರಂಜಿ, 130 ವಿತರಣಾ ತೊಟ್ಟಿಗಳಾದವು ಅಂತ ಪ್ಲಿನಿ ಲೆಕ್ಕ ಕೊಡ್ತಾನೆ. ಇದರಲ್ಲಿ ರಾಜಕೀಯ ಇರಲಿಲ್ಲ ಅಂತೇನಿಲ್ಲ. ಆಂಟೊನಿಯ ಜೊತೆ ಜಗಳ ಕಾದಿತ್ತು, ಗೆಳೆಯನಿಗೆ ಜನರ ಬೆಂಬಲ ಬೇಕಿತ್ತು. ಆದರೂ ನಲ್ಲಿಯಲ್ಲಿ ಬಂದದ್ದು ನೀರೇ, ಭಾಷಣ ಅಲ್ಲ.

ಕ್ರಿ.ಪೂ. 31ರಲ್ಲಿ ಆಕ್ಟಿಯಮ್‌ನಲ್ಲಿ ಆಂಟೊನಿಯನ್ನು ಸೋಲಿಸಿದ ನೌಕಾಪಡೆಗೂ ಇವನೇ ನಾಯಕ. ಮುಂದೆ ಬೇರೆ ಗೆಲುವುಗಳಿಗೆ ವಿಜಯದ ಮೆರವಣಿಗೆ ಕೊಡ್ತೀವಿ ಅಂದಾಗಲೂ ಬೇಡ ಅಂದ. ಕ್ರಿ.ಪೂ. 19ರಲ್ಲಿ ಆಕ್ವಾ ವಿರ್ಗೋ ಕಾಲುವೆಯನ್ನು ಮುಗಿಸಿದ. ಸುಮಾರು 20 ಕಿ.ಮೀ. ಉದ್ದ, ಬಹುಪಾಲು ನೆಲದಡಿ. ಅಷ್ಟು ದೂರಕ್ಕೂ ಇಳಿಜಾರು ಬರೀ ನಾಲ್ಕು ಮೀಟರಿನಷ್ಟು. ಅಂದರೆ ಕಿಲೋಮೀಟರಿಗೆ ಒಂದು ಗೇಣು! ಪಂಪ್ ಇಲ್ಲ, ಲೇಸರ್ ಇಲ್ಲ.

ಕಟ್ಟಿದರಷ್ಟೇ ಸಾಲದು, ನೋಡಿಕೊಳ್ಳಬೇಕು ಅನ್ನೋದು ಅವನಿಗೆ ಗೊತ್ತಿತ್ತು. ಅದಕ್ಕೇ 240 ಗುಲಾಮರ ಒಂದು ಪಡೆ ಇಟ್ಟಿದ್ದ. ಕ್ರಿ.ಪೂ. 12ರಲ್ಲಿ ಅವನು ಸತ್ತಾಗ ಆ ಪಡೆ ಅಗಸ್ಟಸ್‌ನ ಪಾಲಾಯ್ತು. ಅಗಸ್ಟಸ್ ಅದನ್ನು ಸರ್ಕಾರಕ್ಕೆ ಒಪ್ಪಿಸಿದ. ರೋಮಿನ ಜಲಮಂಡಳಿ ಶುರುವಾದದ್ದು ಹೀಗೆ.

ಇವತ್ತಿನ ಪ್ಯಾಂಥಿಯನ್ ಕಟ್ಟಿಸಿದ್ದು ಹೇಡ್ರಿಯನ್ ಕಾಲದಲ್ಲಿ. ಅದರ ನೆತ್ತಿಯ ಮೇಲೆ ಮಾತ್ರ ಮೊದಲ ಕಟ್ಟಡದ ಒಡೆಯ ಅಗ್ರಿಪ್ಪನ ಹೆಸರೇ ಇದೆ. ಮತ್ತೆ ಮತ್ತೆ ದುರಸ್ತಿಯಾದ ವಿರ್ಗೋ ಕಾಲುವೆಯ ನೀರು ಟ್ರೆವಿ ಕಾರಂಜಿಯಲ್ಲಿ ಇವತ್ತಿಗೂ ಚಿಮ್ಮುತ್ತಿದೆ. ಕಾಲುವೆಯ ಹೂಳು ತೆಗೆದ, ಸೋರಿಕೆ ಮುಚ್ಚಿದ ಆ 240 ಜನರ ಹೆಸರನ್ನು ಮಾತ್ರ ಪ್ಯಾಂಥಿಯನ್ ಮೇಲೆ ಕೆತ್ತಲಿಲ್ಲ. ಅಗ್ರಿಪ್ಪನನ್ನು ನೆನೆಯುವಾಗ ನಾವು ಅವರನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳೋಣ.